‘ಹೈ ನೂನ್’ಗೆ ಅಷ್ಟೊಂದು ಹೊಗಳಿಕೆ ಬೇಕಿತ್ತಾ?

1952ರ ಕಪ್ಪುಬಿಳುಪು ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರ. ಊರಿನ ಕಾನೂನು ಕಾಯುವ ಮಾರ್ಷಲ್ ವಿಲ್ ಕೇನ್ ಮದುವೆಯಾಗಿ, ಕೆಲಸ ಬಿಟ್ಟು, ಹೆಂಡತಿ ಜೊತೆ ಊರಿಂದ ಹೊರಡುವ ಹೊತ್ತಿಗೆ ಸುದ್ದಿ ಬರುತ್ತದೆ. ಅವನು ಜೈಲಿಗೆ ಕಳಿಸಿದ್ದ ಫ್ರಾಂಕ್ ಮಿಲ್ಲರ್ ಬಿಡುಗಡೆಯಾಗಿ 12 ಗಂಟೆಯ ರೈಲಿಗೆ ಬರುತ್ತಿದ್ದಾನೆ. ಸ್ಟೇಷನ್ನಿನಲ್ಲಿ ಅವನ ಕಡೆಯ ಮೂವರು ಕಾಯುತ್ತಿದ್ದಾರೆ. ಕೇನ್ ಊರೆಲ್ಲ ಸುತ್ತಿ ಸಹಾಯ ಕೇಳುತ್ತಾನೆ. ಯಾರೂ ಬರುವುದಿಲ್ಲ. ನ್ಯೂಯಾರ್ಕಿನ ವಿಮರ್ಶಕರ ಬಳಗ ಇದನ್ನೇ ಆ ವರ್ಷದ ಅತ್ಯುತ್ತಮ ಚಿತ್ರ ಅಂದಿತು. ನಾಲ್ಕು ಆಸ್ಕರ್ ಕೂಡ ಬಂದವು. ಆದರೂ ವೆಸ್ಟರ್ನ್ ಅಂದರೆ ಪ್ರಾಣ ಬಿಡುವ ಕೆಲವರಿಗೆ ಈ ಚಿತ್ರ ಕಂಡರೇ ಆಗದು. ಎರಡೂ ಕಡೆಯವರ ವಾದ ಇಲ್ಲಿದೆ.

ಪರ: ಹೆದರಿದವನ ಮುಖ

ಈ ಚಿತ್ರದಲ್ಲಿ ಅಂಥದ್ದೇನಿದೆ ಅಂತ ಕೇಳಿದವರಿಗೆ ನಾನು ಕೊನೆಯ ಗುಂಡಿನ ಕಾಳಗದ ಮಾತೆತ್ತುವುದಿಲ್ಲ. ಕ್ಷೌರದಂಗಡಿಯ ದೃಶ್ಯ ಹೇಳುತ್ತೇನೆ. ತನ್ನದೇ ಡೆಪ್ಯುಟಿ ಜೊತೆ ಹೊಡೆದಾಡಿ ಸುಸ್ತಾದ ಕೇನ್ ಮುಖ ತೊಳೆಯಲು ಅಲ್ಲಿಗೆ ಬರುತ್ತಾನೆ. ಹಿಂಬದಿಯಿಂದ ಸುತ್ತಿಗೆ ಸದ್ದು. ಏನದು ಅಂತ ಕೇಳಿದರೆ ಅಂಗಡಿಯವನು ತಡವರಿಸುತ್ತಾನೆ, ಹೇಗೋ ಸದ್ದು ನಿಲ್ಲಿಸುತ್ತಾನೆ. ಅಲ್ಲಿ ತಯಾರಾಗುತ್ತಿರುವುದು ಶವಪೆಟ್ಟಿಗೆ. ಕೇನ್‌ಗೆ ಅರ್ಥವಾಗುತ್ತದೆ, ಆದರೆ ರೇಗುವುದಿಲ್ಲ. ಹೊರಡುವಾಗ, ನಿಮ್ಮವನಿಗೆ ಇನ್ನು ಕೆಲಸ ಶುರುಮಾಡೋಕೆ ಹೇಳಿ, ಅನ್ನುತ್ತಾನೆ ಅಷ್ಟೆ.

ಎಷ್ಟೋ ಕೌಬಾಯ್ ನಾಯಕರಿಗೆ ಸಾವು ಲೆಕ್ಕಕ್ಕೇ ಇಲ್ಲ. ಇವನಿಗೆ ಇದೆ. ಗ್ಯಾರಿ ಕೂಪರ್‌ಗೆ ಆಗ 50 ವರ್ಷ. ಹೊಟ್ಟೆಹುಣ್ಣು, ಬೆನ್ನುನೋವು ಎರಡೂ ಕಾಡುತ್ತಿದ್ದವು. ಆ ನೋವು ಮುಖದಲ್ಲಿ ಹಾಗೇ ಕಾಣುತ್ತದೆ. ಛಾಯಾಗ್ರಾಹಕ ಫ್ಲಾಯ್ಡ್ ಕ್ರಾಸ್ಬಿ ಅದನ್ನು ಮುಚ್ಚಲು ಹೋಗಲಿಲ್ಲ. ಅವರಿಗೂ ನಿರ್ದೇಶಕ ಫ್ರೆಡ್ ಝಿನ್ನಮನ್‌ಗೂ ಬೇಕಿದ್ದದ್ದು ಅಮೆರಿಕದ ಅಂತರ್ಯುದ್ಧ ಕಾಲದ ಹಳೇ ಫೋಟೋಗಳ ಕಳೆ. ಅದಕ್ಕೇ ಇಲ್ಲಿ ಚೆಂದದ ಮೋಡಗಳಿಲ್ಲ. ಸುಣ್ಣ ಬಳಿದ ಹಾಗೆ ಬೆಳ್ಳಗಿನ ಆಕಾಶ, ಕೆಳಗೆ ಬೆವರುವ ಮನುಷ್ಯ.

ಗಡಿಯಾರಗಳ ಮಾತಂತೂ ಬಿಡಿ. ಚಿತ್ರ ಇರುವುದು 85 ನಿಮಿಷ. ಕಥೆಯ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. 12 ಗಂಟೆಯಾಗುವ ಮುಂಚೆ ಲೋಲಕ ತೂಗುತ್ತದೆ, ಮಿಲ್ಲರ್ ಕೂತು ಶಪಥ ಮಾಡಿದ್ದ ಖಾಲಿ ಕುರ್ಚಿ ಹತ್ತಿರವಾಗುತ್ತದೆ, ಊರಿನ ಒಂದೊಂದೇ ಮುಖ ಬರುತ್ತದೆ, ಡಿಮಿಟ್ರಿ ಟಿಯೋಮ್ಕಿನ್ ಸಂಗೀತದ ತಾಳಕ್ಕೆ ಸರಿಯಾಗಿ. ಆಮೇಲೆ ರೈಲಿನ ಸಿಳ್ಳೆ. ಆಸ್ಕರ್‌ಗಳಲ್ಲಿ ಒಂದು ಸಂಕಲನಕ್ಕೆ, ಒಂದು ಸಂಗೀತಕ್ಕೆ ಬಂದದ್ದು ಸುಮ್ನೆ ಅಲ್ಲ.

ಇದನ್ನು ಬರೆದ ಕಾರ್ಲ್ ಫೋರ್‌ಮನ್ ಕಥೆಯೂ ಕೇನ್‌ದೇ. ಅವರು ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ಸಮಿತಿ 1951ರಲ್ಲಿ ಅವರನ್ನು ಕರೆಸಿತು. ಬೇರೆಯವರ ಹೆಸರು ಹೇಳಲು ಅವರು ಒಪ್ಪಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ದೂರ ಸರಿದರು. ಆಗ ಕಿವಿಗೆ ಬಿದ್ದ ಮಾತುಗಳೇ ಚಿತ್ರಕಥೆಗೂ ಬಂದವು. ಕೊನೆಗೆ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು. ಆದರೆ ಇದು ಗೊತ್ತಿಲ್ಲದಿದ್ದರೂ ಚಿತ್ರ ನಿಲ್ಲುತ್ತದೆ. ಝಿನ್ನಮನ್ ಇದನ್ನು ರಾಜಕೀಯ ಕಥೆ ಅಂತ ಒಪ್ಪಲೇ ಇಲ್ಲ, ಒಬ್ಬನ ಅಂತಃಸಾಕ್ಷಿಯ ಕಥೆ ಅಂದರು. 1989ರ ಜೂನ್ 4ರ ಚುನಾವಣೆಗೆ ಪೋಲೆಂಡಿನ ಸಾಲಿಡಾರಿಟಿ ಸಂಘಟನೆಯವರು ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಇದ್ದದ್ದು ಇದೇ ಕೂಪರ್. ಕೈಯಲ್ಲಿ ಬಂದೂಕಿನ ಬದಲು ಮತಪತ್ರ. ಹಾಲಿವುಡ್‌ನ ಒಬ್ಬ ಮಾಜಿ ಕಮ್ಯುನಿಸ್ಟ್ ಬರೆದ ಮಾರ್ಷಲ್, ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಪ್ರಚಾರಕ್ಕೆ ನಿಂತ! ಒಂದೇ ಕಾಲಕ್ಕೆ, ಒಂದೇ ಅರ್ಥಕ್ಕೆ ಕಟ್ಟುಬಿದ್ದ ಚಿತ್ರಕ್ಕೆ ಹೀಗೆ ಆಗುತ್ತಾ?

ವಿರೋಧ: ಊರಿಗೆ ಊರೇ ಹೇಡಿಯಾ?

ಕ್ಷೌರದಂಗಡಿ ಒಳ್ಳೆಯ ದೃಶ್ಯ, ಒಪ್ಪಿದೆ. ನನ್ನ ತಕರಾರು ಚರ್ಚ್ ದೃಶ್ಯದ ಮೇಲೆ. ಭಾನುವಾರದ ಪ್ರಾರ್ಥನೆಯ ನಡುವೆ ಕೇನ್ ಬಂದು ಜನ ಬೇಕು ಅನ್ನುತ್ತಾನೆ. ಮಕ್ಕಳನ್ನು ಆಚೆ ಕಳಿಸುತ್ತಾರೆ. ಆಮೇಲೆ ಭಾಷಣ ಸ್ಪರ್ಧೆ. ಒಬ್ಬ ಎದ್ದು ಇದು ಪೊಲೀಸರ ಕೆಲಸ ಅನ್ನುತ್ತಾನೆ, ಇನ್ನೊಬ್ಬ ತೆರಿಗೆಯ ಮಾತೆತ್ತುತ್ತಾನೆ, ಪಾದ್ರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಕೊನೆಗೆ ಮೇಯರ್ ಎದ್ದು ಕೇನ್‌ನನ್ನು ಬಾಯ್ತುಂಬ ಹೊಗಳಿ, ಬೀದಿಯಲ್ಲಿ ಗುಂಡು ಹಾರಿದರೆ ಊರಿಗೆ ಬಂಡವಾಳ ಬರೋದಿಲ್ಲ, ನೀನು ಹೋಗಿಬಿಡಪ್ಪ ಅನ್ನುತ್ತಾನೆ. ಬರವಣಿಗೆ ಜಾಣತನದ್ದೇ. ಆದರೆ ಇಲ್ಲಿರುವುದು ಜನರಲ್ಲ, ನೆಪಗಳ ಪಟ್ಟಿ. ಒಬ್ಬೊಬ್ಬರಿಗೆ ಒಂದೊಂದು ನೆಪ ಹಂಚಿ, ಎದ್ದು ನಿಲ್ಲಿಸಿ ಒಪ್ಪಿಸಲು ಹೇಳಿದ ಹಾಗಿದೆ.

ಇದೇ ಊರು ಕೆಲವೇ ವರ್ಷದ ಹಿಂದೆ ಕೇನ್ ಜೊತೆ ನಿಂತು ಮಿಲ್ಲರ್ ಗುಂಪನ್ನು ಓಡಿಸಿತ್ತಂತೆ. ಈಗ ಸಿಗುವುದು ಒಬ್ಬ ಹುಡುಗ, ಒಬ್ಬ ಒಕ್ಕಣ್ಣಿನ ಕುಡುಕ. ಬರುತ್ತೇನೆ ಅಂದಿದ್ದ ಇನ್ನೊಬ್ಬನೂ ತಾವಿಬ್ಬರೇ ಅಂತ ಗೊತ್ತಾದ ಕೂಡಲೇ ಜಾರಿಕೊಳ್ಳುತ್ತಾನೆ. ನಾಯಕನನ್ನು ಒಂಟಿ ಮಾಡಲೇಬೇಕು ಅಂತ ಹಟ ಹಿಡಿದು ಊರನ್ನೇ ಬಲಿ ಕೊಟ್ಟಿದ್ದಾರೆ. ವಿಮರ್ಶಕ ರಾಬರ್ಟ್ ವಾರ್‌ಶೋ 1954ರಲ್ಲೇ ಇದನ್ನು ಹಿಡಿದರು. ವೆಸ್ಟರ್ನ್ ನಾಯಕ ಒಂಟಿಯಾಗಿರುವುದು ಅವನ ಸ್ವಭಾವ. ಅವನು ಯಾಕೆ ಒಂಟಿ ಅಂತ ಕಾರಣ ಹುಡುಕಲು ಹೊರಟರೆ ಸಿಗುವುದು ಊರವರ ಮೇಲಿನ ತಾತ್ಸಾರ ಮಾತ್ರ. ಫ್ರಾನ್ಸಿನ ಆಂದ್ರೆ ಬಾಜಾನ್ ಇನ್ನೂ ಚುರುಕಾಗಿ ಚುಚ್ಚಿದರು. ಬರೀ ವೆಸ್ಟರ್ನ್ ಆಗಿರೋಕೆ ನಾಚಿಕೆಪಟ್ಟು, ಮೇಲೊಂದು ನೀತಿಯನ್ನೋ ಸಮಾಜ ಚಿಂತನೆಯನ್ನೋ ಹೊದ್ದುಕೊಳ್ಳುವ ಚಿತ್ರಗಳಿಗೆ ಅವರು ‘ಸೂಪರ್ ವೆಸ್ಟರ್ನ್’ ಅನ್ನುವ ಅರ್ಥದ ಒಂದು ಹೆಸರೇ ಇಟ್ಟರು. ‘ಹೈ ನೂನ್’ ಆ ಸಾಲಿನದು. ವೆಸ್ಟರ್ನ್ ಅಂದರೆ ಮೂಗು ಮುರಿಯುವವರೂ ಇದನ್ನು ಮೆಚ್ಚಿದ್ದರ ಗುಟ್ಟು ಇದೇ ಇರಬೇಕು ಅಂತ ನನ್ನ ಗುಮಾನಿ.

ನಿರ್ದೇಶಕ ಹೋವರ್ಡ್ ಹಾಕ್ಸ್ ತಕರಾರು ನೇರವಾದದ್ದು. ಕೆಲಸ ಬಲ್ಲ ಶೆರಿಫ್ ತಲೆ ಕತ್ತರಿಸಿದ ಕೋಳಿಯ ಹಾಗೆ ಊರೆಲ್ಲ ಓಡಾಡಿ ಸಹಾಯ ಬೇಡುವುದಿಲ್ಲ ಅಂದರು. ಮಾತಿಗೆ ನಿಲ್ಲಿಸದೆ 1959ರಲ್ಲಿ ‘ರಿಯೋ ಬ್ರಾವೋ’ ಮಾಡಿ ತೋರಿಸಿದರು. ಅಲ್ಲಿನ ಶೆರಿಫ್, ಸಹಾಯಕ್ಕೆ ಬರುತ್ತೇವೆ ಅನ್ನುವವರನ್ನೂ ಬೇಡ ಅನ್ನುತ್ತಾನೆ. ಜೊತೆಗಿರುವುದು ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಆಮೇಲೆ ಸೇರುವ ಒಬ್ಬ ಹುಡುಗ. ‘ಹೈ ನೂನ್’ ಬೇಡ ಅಂದ ಕುಡುಕ, ಹುಡುಗ ಇಬ್ಬರೂ ಇಲ್ಲಿ ಕೆಲಸಕ್ಕೆ ಬರುತ್ತಾರೆ, ಗಮನಿಸಿದಿರಾ?

ಆ ಶೆರಿಫ್ ಪಾತ್ರ ಮಾಡಿದ ಜಾನ್ ವೇನ್‌ನನ್ನು ಮಾತ್ರ ನಮ್ಮ ಕಡೆ ಸೇರಿಸಬೇಡಿ. 1953ರ ಆಸ್ಕರ್ ರಾತ್ರಿ ಕೂಪರ್ ಪರವಾಗಿ ಪ್ರಶಸ್ತಿ ತೆಗೆದುಕೊಂಡು, ಈ ಪಾತ್ರ ನನಗ್ಯಾಕೆ ಸಿಗಲಿಲ್ಲ ಅಂತ ತಮಾಷೆ ಮಾಡಿದ್ದ. 1971ರಲ್ಲಿ ಅದೇ ಬಾಯಲ್ಲಿ ಇದರಷ್ಟು ಅಮೆರಿಕಾ ವಿರೋಧಿ ಚಿತ್ರ ಇನ್ನೊಂದಿಲ್ಲ ಅಂದ. ಕೊನೆಗೆ ಕೂಪರ್ ನಕ್ಷತ್ರದ ಬಿಲ್ಲೆಯನ್ನು ಕಾಲಲ್ಲಿ ತುಳಿಯುತ್ತಾನೆ ಅಂತಲೂ ಹೇಳಿದ. ತುಳಿಯುವುದಿಲ್ಲ, ಧೂಳಿಗೆ ಹಾಕುತ್ತಾನೆ ಅಷ್ಟೆ. ಚಿತ್ರವನ್ನು ಬೈಯಲು ಬೇಕಾದಷ್ಟು ಕಾರಣ ಅದರೊಳಗೇ ಇದೆ, ಇಲ್ಲದ್ದನ್ನು ಸೇರಿಸಬೇಕಾಗಿಲ್ಲ. ಉದಾಹರಣೆಗೆ, ಆ ಹಾಡು. ಆಸ್ಕರ್ ಗೆದ್ದಿರಬಹುದು, ಆದರೆ ಕೇನ್ ಬೀದಿಗಿಳಿದಾಗಲೆಲ್ಲ ಅದನ್ನೇ ಕೇಳಿ ಕೇಳಿ ಸಾಕಾಗುತ್ತದೆ.

ನನಗೆ ಜಾಸ್ತಿ ಬೇಸರವಾಗುವುದು ಕೇನ್ ಹೆಂಡತಿ ಏಮಿ ವಿಷಯಕ್ಕೆ. ಗ್ರೇಸ್ ಕೆಲ್ಲಿ ಮಾಡಿದ ಪಾತ್ರ. ಅಪ್ಪ, ಅಣ್ಣ ಇಬ್ಬರೂ ಗುಂಡಿಗೆ ಸತ್ತ ಮೇಲೆ ಕ್ವೇಕರ್ ಅನ್ನುವ ಕ್ರೈಸ್ತ ಪಂಥಕ್ಕೆ ಸೇರಿದವಳು, ಕೊಲ್ಲುವುದೇ ತಪ್ಪು ಅಂತ ನಂಬಿದವಳು. ಕೇಟಿ ಹುರಾಡೊ ಮಾಡಿದ ಹೆಲೆನ್ ರಮಿರೆಸ್ ಇಡೀ ಊರಿನಲ್ಲಿ ನಿಜ ಮಾತಾಡುವವಳು. ಅವಳನ್ನು ರೈಲು ಹತ್ತಿಸಿ ಕಳಿಸಿಬಿಡುತ್ತಾರೆ. ಏಮಿ ಗುಂಡಿನ ಸದ್ದಿಗೆ ರೈಲಿಳಿದು ಓಡಿ ಬಂದು, ಕಿಟಕಿಯಿಂದ ಒಬ್ಬನ ಬೆನ್ನಿಗೆ ಗುಂಡು ಹೊಡೆಯುತ್ತಾಳೆ. ಆಮೇಲೆ? ಅವಳಿಗೆ ಒಂದು ಮಾತೂ ಇಲ್ಲ. ಗಂಡ ತಬ್ಬಿಕೊಳ್ಳುತ್ತಾನೆ, ಹುಡುಗ ಬಂಡಿ ತಂದು ನಿಲ್ಲಿಸುತ್ತಾನೆ, ಅವಳನ್ನು ಹತ್ತಿಸಿಕೊಂಡು ಕೇನ್ ಹೊರಡುತ್ತಾನೆ. ಹಾಡು ಮತ್ತೆ ಶುರುವಾಗುತ್ತದೆ.