ಗವರ್ನರ್ ಆಗೋಕೆ 3,500 ಡಾಲರ್, 65 ಸಹಿ, ಅಷ್ಟೇ ಕಣ್ರೀ

ಎಮ್ಮೆಲ್ಲೆ ರೋಡ್ ಹಾಕಿಸ್ಲಿಲ್ಲ ಅಂದ್ರೆ ಸಾಕು, ಟೀ ಅಂಗಡಿ ಮುಂದೆ ಒಬ್ರು ಶುರು ಹಚ್ಕೋತಾರೆ, "ಗೆಲ್ಸಿದ ನಮ್ಗೆ ವಾಪಸ್ ಕರೆಸ್ಕೊಳೋ ಹಕ್ಕೂ ಇರ್ಬೇಕು ಕಣ್ರೀ, ಅಮೆರಿಕಾ ಥರ" ಅಂತ. ಅಂಥೋರಿಗೆ ನಾನು 2003ರ ಕ್ಯಾಲಿಫೋರ್ನಿಯಾ ಕಥೆ ಹೇಳ್ತೀನಿ.

ಅಲ್ಲಿ ಗ್ರೇ ಡೇವಿಸ್ ಅಂತ ಗವರ್ನರ್ (ಅಲ್ಲಿ ಗವರ್ನರ್ ಅಂದ್ರೆ ನಮ್ಮ ಸಿಎಂ ಥರ, ಜನಾನೇ ಗೆಲ್ಸೋದು). 2002ರ ನವೆಂಬರ್‌ನಲ್ಲಿ ಎರಡನೇ ಸಲ ಗೆದ್ದಿದ್ರು, ವರ್ಷ ತುಂಬೋದ್ರೊಳಗೆ ಜನಕ್ಕೆ ಸಾಕಾಗಿ ಹೋಯ್ತು. ಕರೆಂಟ್ ಕೈಕೊಟ್ಟಿದ್ದು ಮರೆತಿರ್ಲಿಲ್ಲ, ಖಜಾನೆಲಿ 3,800 ಕೋಟಿ ಡಾಲರ್ ತೂತು, ಅದರ ಮೇಲೆ ಕಾರ್ ಟ್ಯಾಕ್ಸ್ ಮೂರು ಪಟ್ಟು. ಸಿಟ್ಟು ನ್ಯಾಯವೇ ಬಿಡಿ. ಆದ್ರೆ ರೀಕಾಲ್, ಅಂದ್ರೆ ಗೆದ್ದೋರನ್ನ ವಾಪಸ್ ಕರೆಸೋ ವೋಟಿಂಗ್, ನಡೀಬೇಕಂದ್ರೆ ಮೊದ್ಲು ಜನರ ಸಹಿ ಬೇಕು. ಸಿಟ್ಟನ್ನ ಸಹಿ ಮಾಡ್ಸೋಕೂ ಕೂಲಿ ಕೊಡ್ಬೇಕಲ್ಲ, ಅದಕ್ಕೆ ಡ್ಯಾರೆಲ್ ಇಸ್ಸಾ ಅನ್ನೋ ಸಂಸದರು, ಕಾರ್ ಅಲಾರಂ ಮಾರಿ ಶ್ರೀಮಂತರಾದೋರು, 15 ಲಕ್ಷ ಡಾಲರ್‌ಗೂ ಮೇಲೆ ಸುರಿದ್ರು, ಯಾಕಂದ್ರೆ ಆ ಕುರ್ಚಿ ಮೇಲೆ ಅವರಿಗೇ ಕಣ್ಣಿತ್ತು.

ಆ ಬ್ಯಾಲೆಟ್ ಪೇಪರ್ ಅಂದ್ರೆ ಡೈವೋರ್ಸು ಮರುಮದುವೆ ಎರಡೂ ಒಂದೇ ಮಂಟಪದಲ್ಲಿ. ಮೊದಲನೇ ಪ್ರಶ್ನೆ, ಡೇವಿಸ್‌ನ ಇಳಿಸ್ಬೇಕಾ ಬೇಡ್ವಾ. ಎರಡನೇದು, ಇಳಿಸಿದ್ರೆ ಯಾರು. "ಇವ್ರೇ ಇರ್ಲಿ" ಅಂದೋರೂ ಎರಡನೇ ಗಂಡನ್ನ ಆರಿಸಬಹುದಿತ್ತು. ಡೇವಿಸ್‌ಗೆ 49 ಪರ್ಸೆಂಟ್ ಬಂದ್ರೂ ಮನೆಗೆ, ಆ ಕಡೆ ಲಿಸ್ಟಲ್ಲಿ ಒಂದೇ ಒಂದು ವೋಟು ಜಾಸ್ತಿ ತಗೊಂಡೋನು 15 ಪರ್ಸೆಂಟಲ್ಲೂ ಗವರ್ನರ್.

ಆ ಲಿಸ್ಟಿಗೆ ಸೇರೋ ರೇಟು 3,500 ಡಾಲರ್ ಮತ್ತೆ 65 ಸಹಿ. ನಮ್ಮ ಏರಿಯಾದ ಗಣೇಶ ಕಮಿಟಿಗೆ ಇದಕ್ಕಿಂತ ಜಾಸ್ತಿ ಸಹಿ ಬೇಕು. 135 ಜನ ನುಗ್ಗಿದ್ರು. (ನಗ್ಬೇಡಿ, 1996ರಲ್ಲಿ ನಮ್ಮ ಬೆಳಗಾವಿ ಲೋಕಸಭೆಗೆ 456 ಜನ ನಿಂತಿದ್ರು.) ಅಶ್ಲೀಲ ಮ್ಯಾಗಜೀನ್ ಓನರ್ರು, ನೀಲಿಚಿತ್ರದ ನಟಿ, ಸ್ಟೇಜ್ ಮೇಲೆ ಕಲ್ಲಂಗಡಿ ಒಡೆಯೋ ಕಾಮಿಡಿಯನ್ನು, ಎಲ್ಲಾರೂ.

ಅವರಲ್ಲೊಬ್ರು ಗ್ಯಾರಿ ಕೋಲ್ಮನ್. ಟಿವಿ ಸೀರಿಯಲ್‌ನಲ್ಲಿ ಗುಂಡುಕೆನ್ನೆ ಹುಡುಗನಾಗಿ ದೇಶಾನೇ ನಗಿಸಿದೋರು, ಕಿಡ್ನಿ ಕಾಯಿಲೆಯಿಂದ ಎತ್ತರ ಬೆಳೀಲೇ ಇಲ್ಲ, ಆಮೇಲೆ ಸೆಕ್ಯುರಿಟಿ ಗಾರ್ಡ್ ಕೆಲಸಾನೂ ಮಾಡಿದ್ರು. ಈಸ್ಟ್ ಬೇ ಎಕ್ಸ್‌ಪ್ರೆಸ್ ಅನ್ನೋ ಬಿಟ್ಟಿ ವಾರಪತ್ರಿಕೆ ಈ ರೀಕಾಲ್ ನಾಟಕ ನೋಡಿ ತಲೆಕೆಟ್ಟು, ಪ್ರತಿಭಟನೆ ಅಂತ ತಾನೇ ದುಡ್ಡು ಕಟ್ಟಿ ಇವರನ್ನ ನಿಲ್ಲಿಸ್ತು. ಜೋಕಿಗೇ ನಿಲ್ಸಿದ್ದು, ಆದ್ರೆ ನಂಗೇನೋ ಇವರ ಬಯೋಡೇಟಾನೇ ಗಟ್ಟಿ ಅನ್ಸುತ್ತೆ. ಚಿಕ್ಕವಯಸ್ಸಲ್ಲೇ ಕೋಟಿ ದುಡಿದು, ಅದನ್ನ ನೋಡ್ಕೊಂಡ ಅಪ್ಪ ಅಮ್ಮನ ಮೇಲೇ ಕೇಸ್ ಹಾಕಿ ಗೆದ್ದು, 1999ರಲ್ಲಿ ದಿವಾಳಿ ಅರ್ಜಿ ಕೊಟ್ಟೋರು. ಖಾಲಿ ಖಜಾನೆ ಅಂದ್ರೆ ಏನು ಅಂತ ಅನುಭವ ಇದ್ದ ಕ್ಯಾಂಡಿಡೇಟ್ ಕಣ್ರೀ.

ಹೆಸರುಗಳ ಸಾಲಿಗೂ ಲಾಟರಿ. ಎ ಬಿ ಸಿ ಡಿ ಕಲಸಿ ಎತ್ತಿದ್ರೆ ಆರ್, ಡಬ್ಲ್ಯೂ, ಕ್ಯೂ, ಓ ಅಂತ ಶುರುವಾಯ್ತು. ನಮ್ಮ ಒಂದನೇ ಕ್ಲಾಸ್ ಮೇಷ್ಟ್ರು ಇದನ್ನ ಕೇಳಿದ್ರೆ ಕಿವಿ ಹಿಂಡ್ತಿದ್ರು. ಅದೂ ಸಾಲದು ಅಂತ 80 ಅಸೆಂಬ್ಲಿ ಕ್ಷೇತ್ರದಲ್ಲಿ ಒಂದೊಂದ್ರಲ್ಲೂ ಮೇಲಿನ ಹೆಸರು ಕೆಳಕ್ಕೆ ಹೋಗ್ತಾ, ಪೂರ್ತಿ ಮ್ಯೂಸಿಕಲ್ ಚೇರ್. ಕನ್ನಡಕ ಹಾಕ್ಕೊಂಡ ಅಜ್ಜಿ ಒಬ್ರು ಕೋಲ್ಮನ್‌ನ ಹುಡುಕ್ತಾ ಪುಟ ತಿರುವೋದು ನೆನೆಸ್ಕೊಳಿ, ಪಂಚಾಂಗದಲ್ಲಿ ಏಕಾದಶಿ ಹುಡುಕಿದಂಗೆ.

ಆಗಸ್ಟ್ 6ಕ್ಕೆ ಹಾಲಿವುಡ್ ಹೀರೋ ಅರ್ನಾಲ್ಡ್ ಶ್ವಾರ್ಜ್‌ನೆಗ್ಗರ್ ರಾತ್ರಿ ಟಿವಿ ಕಾಮಿಡಿ ಶೋನಲ್ಲಿ ಕೂತು ನಾನೂ ನಿಲ್ತೀನಿ ಅಂದ್ರು. ಮಾರನೇ ದಿನ ಇಸ್ಸಾ ಮೈಕ್ ಮುಂದೆ ಕಣ್ಣೀರು ಹಾಕ್ಕೊಂಡು ಹಿಂದೆ ಸರಿದ್ರು. ಚಪ್ಪರ ಹಾಕ್ಸಿದೋರು ಒಬ್ರು, ತಾಳಿ ಕಟ್ಟಿದೋರು ಇನ್ನೊಬ್ರು. ನಮ್ಮ ಪ್ರತಿಭಟನಾ ವೀರ ಕೋಲ್ಮನ್ನೂ ಏನಂದ್ರು ಗೊತ್ತಾ, ನಂದೂ ವೋಟು ಅರ್ನಾಲ್ಡ್‌ಗೇ ಅಂತ. ದುಡ್ಡು ಕಟ್ಟಿದ ಪತ್ರಿಕೆಯೋರ ಮುಖ ನೋಡ್ಬೇಕಿತ್ತು.

ಅಕ್ಟೋಬರ್ 7ಕ್ಕೆ ಡೇವಿಸ್ ಇಳಿದ್ರು, ಅರ್ನಾಲ್ಡ್‌ಗೆ 42 ಲಕ್ಷ ವೋಟು. ತನಗೇ ವೋಟ್ ಹಾಕ್ಕೊಳಲ್ಲ ಅಂದಿದ್ದ ಕೋಲ್ಮನ್‌ಗೆ 14,242 ವೋಟು, 135 ಜನರಲ್ಲಿ ಎಂಟನೇ ಜಾಗ, ಅದೂ ಬರೀ 3,500 ಡಾಲರ್ ಫೀಸಿಗೆ. 15 ಲಕ್ಷ ಸುರಿದ ಇಸ್ಸಾ ಹೆಸರು ಬ್ಯಾಲೆಟ್ ಪೇಪರಲ್ಲೇ ಇರ್ಲಿಲ್ಲ.