ಕ್ಯಾಂಪಿಂಗೋ, ಅಡುಗೆಯೋ?

ಬಾರಕೂರು ಅಂದರೆ ಸಣ್ಣ ಊರಲ್ಲ ಮಾರಾಯ್ರೆ. ಹಿಂದೆ ತುಳುನಾಡು ಆಳಿದ ಆಳುಪರ ರಾಜಧಾನಿ ಆಗಿದ್ದದ್ದು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೇ ಅದರ ಹೆಸರು. ಕತ್ತಲೆ ಬಸದಿ, ಕೋಟೆಯ ಜಾಗ, ಎಲ್ಲಿ ನೋಡಿದರೂ ಹಳೆಯ ದೇವಸ್ಥಾನ, ಶಾಸನ. ಉಡುಪಿಯಿಂದ ಹೊರಟು ಬ್ರಹ್ಮಾವರದಲ್ಲಿ ತಿರುಗಿದರೆ ಬಂತು. ಇದನ್ನೆಲ್ಲ ನೋಡುವ ಅಂತಲೇ ನಾವು ಅಲ್ಲಿಗೆ ಕ್ಯಾಂಪಿಂಗ್ ಹೋದದ್ದು.

ಆದರೆ ನಮ್ಮ ಮನೆಯವರಿಗೆ ಕ್ಯಾಂಪಿಂಗ್ ಅಂದರೆ ಅಡುಗೆಮನೆಯನ್ನೇ ಡಿಕ್ಕಿಗೆ ತುಂಬುವುದು. ಕುಚಲಕ್ಕಿ, ತೆಂಗಿನಕಾಯಿ, ಅದನ್ನು ತುರಿಯಲಿಕ್ಕೆ ಮಣೆ ಬೇರೆ! ಪರಿಚಯದವರ ತೋಟದಲ್ಲಿ ಟೆಂಟ್ ಹಾಕಿದ್ದಷ್ಟೇ. ಕುಚಲಕ್ಕಿ ಬೇಯುವಾಗ ಮಧ್ಯಾಹ್ನ ಕಳೆಯಿತು, ಪಾತ್ರೆ ತೊಳೆಯುವಾಗ ಚಹಾದ ಹೊತ್ತು, ಚಹಾ ಮುಗಿಯುವಾಗ ಸೊಳ್ಳೆ. ಬಸದಿಗೆ ಹೋಗುವ ಅಂದರೆ, "ನಾಳೆ ಬೆಳಿಗ್ಗೆ ತಂಪಿಗೆ ಹೋಗುವ, ಆಯ್ತಾ?" ಅಂತ ಚಿಕ್ಕಪ್ಪ. ಬೆಳಿಗ್ಗೆ ಎಂತ? ನೀರುದೋಸೆ! ಅಷ್ಟು ಜನಕ್ಕೆ ಒಂದೇ ಕಾವಲಿ. (ದೋಸೆ ಲಾಯ್ಕ್ ಇತ್ತು, ಸುಳ್ಳು ಹೇಳಬಾರದು.)

ರಾತ್ರಿ ಟೆಂಟಿನೊಳಗಿನ ಸೆಕೆಯ ಬಗ್ಗೆ ನಾನು ಮಾತಾಡುವುದೇ ಇಲ್ಲ.

ಕಡೆಗೆ ಗಂಟುಮೂಟೆ ಕಟ್ಟಿದ ಮೇಲೆ, ಬಿಸಿಲು ನೆತ್ತಿಗೆ ಬಂದಾಗ ಕತ್ತಲೆ ಬಸದಿ. ಎಲ್ಲರೂ ಇಳಿದು ಒಂದು ಸೆಲ್ಫಿ, ಆಯ್ತು. ನಾನು ಕಂಬದ ಹತ್ತಿರ ನಿಂತು ನೋಡುತ್ತಿದ್ದರೆ ರಸ್ತೆಯಿಂದ ಹಾರ್ನ್: "ಬೇಗ ಬಾ, ಊಟಕ್ಕೆ ಲೇಟಾಗ್ತದೆ!"