ಎಂಜಿನ್ ಬಿಚ್ಚಿಸಿದ್ದನ್ನು ಮುಚ್ಚಿಡೋದು ಯಾಕೆ?

ಹಳೇ ಗಾಡಿ ಮಾರುವಾಗ ನಮ್ಮ ಕಡೆ ಹೇಳುವ ಮೊದಲ ಮಾತು, "ಎಂಜಿನ್‌ಗೆ ಇನ್ನೂ ಯಾರೂ ಕೈ ಹಾಕಿಲ್ಲ ಸಾರ್." ಮೆಲ್ಬರ್ನ್‌ನಲ್ಲಿ ಅಷ್ಟೇ ವಯಸ್ಸಾದ ಗಾಡಿ ಮಾರುವವನು ಇದರ ಉಲ್ಟಾ ಹೇಳುತ್ತಾನೆ. ಎಂಜಿನ್ ಪೂರ್ತಿ ಬಿಚ್ಚಿಸಿ ಕಟ್ಟಿಸಿದ್ದೇನೆ, ಬಿಲ್ ಇದೆ, ಬಂದು ನೋಡಿ ಅನ್ನುತ್ತಾನೆ. ನಾನಿರುವುದೂ ಈ ಮೆಲ್ಬರ್ನ್‌ನಲ್ಲೇ. ಈಚೆಗೆ ನನ್ನ 1992ರ ಟೊಯೊಟಾ ಲ್ಯಾಂಡ್ ಕ್ರೂಸರ್ ಮಾರಿದೆ. ಅದೇ ಸಮಯಕ್ಕೆ ಸಕಲೇಶಪುರದಲ್ಲಿ ನಮ್ಮ ಭಾವ ತಮ್ಮ ಜೀಪು ಮಾರಲು ಹೊರಟಿದ್ದರು. ಇಬ್ಬರದ್ದೂ ಎಂಜಿನ್ ಕೆಲಸ ಆದ ಗಾಡಿ. ನಾನು ಅದನ್ನೇ ಜಾಹೀರಾತಿನ ಮೊದಲ ಸಾಲಿಗೆ ಹಾಕಿದೆ, ಅವರು ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದರು.

ನನ್ನದು 80 ಸೀರೀಸ್ ಅನ್ನುವ ಮಾದರಿ, 4.2 ಲೀಟರಿನ ಆರು ಸಿಲಿಂಡರ್ ಟರ್ಬೊ ಡೀಸೆಲ್. 1ಎಚ್‌ಡಿ-ಟಿ ಅನ್ನುವ ಈ ಎಂಜಿನ್ ಗಟ್ಟಿ, ಆದರೆ ಮೊದಮೊದಲು ಬಂದವುಗಳಲ್ಲಿ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡನ್ನು ಎಂಜಿನ್ನಿನ ತಿರುಗುವ ದಂಡಕ್ಕೆ ಸೇರಿಸುವ ಕಡೆಯ ಬೇರಿಂಗ್) ಸವೆಯುವ ಕಾಯಿಲೆ ಇತ್ತು. ಅದನ್ನು ಸುಮ್ನೆ ಬಿಟ್ಟರೆ ಒಂದು ದಿನ ಆ ದಂಡವನ್ನೇ, ಅಂದರೆ ಕ್ರ್ಯಾಂಕ್ ಶಾಫ್ಟನ್ನೇ ತಿಂದುಹಾಕುತ್ತದೆ. ಇಲ್ಲಿ ಈ ಗಾಡಿ ಹುಡುಕುವವರಿಗೆಲ್ಲ ಇದು ಗೊತ್ತು. ಫೋನ್ ಮಾಡಿದವರು ಕಿಲೋಮೀಟರ್ ಕೇಳುವ ಮೊದಲೇ ಬೇರಿಂಗ್ ಬದಲಾಗಿದೆಯಾ ಅಂತ ಕೇಳುತ್ತಾರೆ. 1950ರ ದಶಕದ ಕೊನೆಗೆ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯ ಕೆಲಸಕ್ಕೆ ಅಂತ ತರಿಸಿದ ಲ್ಯಾಂಡ್ ಕ್ರೂಸರ್‌ಗಳಿಂದ ಶುರುವಾದ, ಈ ದೇಶಕ್ಕೂ ಈ ಗಾಡಿಗೂ ಇರುವ ನಂಟು ಇದು, ಮಲೆನಾಡಿಗೂ ಜೀಪಿಗೂ ಇರುವ ಹಾಗೆ. ಅದಕ್ಕೇ ಸಾಮಾನ್ಯ ರೈತನೂ ಇದರ ಹೊಟ್ಟೆಯೊಳಗಿನ ಸಂಗತಿ ಬಲ್ಲ.

ಗಾಡಿ ತಗೊಂಡವರು ಗಿಪ್ಸ್‌ಲ್ಯಾಂಡ್ ಕಡೆಯ ಒಬ್ಬ ಹಿರಿಯ ರೈತ. ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡ, ಎಂಜಿನ್ ತಣ್ಣಗಿರಲಿ ಅಂತ ಹಿಂದಿನ ದಿನವೇ ಹೇಳಿದ್ದರು. ಬಂದವರು ಗಾಡಿ ಹತ್ತಿರ ಹೋಗಲೇ ಇಲ್ಲ, ಮೊದಲು ಅಡುಗೆಮನೆ ಮೇಜಿನ ಮುಂದೆ ಕೂತು ಫೈಲ್ ಬಿಚ್ಚಿದರು. ಪ್ರತಿ ಸಿಲಿಂಡರಿನ ಬೋರ್ ಅಳತೆ, ಕ್ರ್ಯಾಂಕ್ ಅಳತೆ, ಹೆಡ್ಡಿನ ಪ್ರೆಶರ್ ಟೆಸ್ಟ್, ಡೀಸೆಲ್ ಪಂಪ್ ಬೆಂಚ್ ಮೇಲಿಟ್ಟು ಸರಿಮಾಡಿದ ಚೀಟಿ, ಬಿಚ್ಚಿಟ್ಟ ಬ್ಲಾಕಿನ ಫೋಟೋ. ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ಆಮೇಲೆ ಹೊರಗೆ ಬಂದು ಮುಂದಿನ ಚಕ್ರದ ಹಿಂದೆ ಬಗ್ಗಿ, ಸ್ವಿವೆಲ್ ಹಬ್ಬಿಂದ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಗ್ರೀಸೂ ಆಯಿಲೂ ಕಲೆತು ಕಪ್ಪಗೆ ಒಸರಿದ್ದನ್ನು ಬೆರಳಲ್ಲಿ ಒರೆಸಿ ನನಗೆ ತೋರಿಸಿದರು. ಚೌಕಾಶಿ ಮಾಡಿದ್ದು ಅಲ್ಲಿ ಸೋರುತ್ತಿದ್ದ ಸೀಲಿಗೆ ಮಾತ್ರ. ಎಂಜಿನ್ ಬಗ್ಗೆ ಒಂದು ಡಾಲರ್ ಕೂಡ ಇಳಿಸಲಿಲ್ಲ.

ಇಲ್ಲಿಯವರೆಲ್ಲ ಸತ್ಯ ಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ. ಬೀಚ್ ಮರಳಲ್ಲಿ ಓಡಿಸಿ ತುಕ್ಕು ಹಿಡಿಸಿ, ಅದರ ಮೇಲೆ ಬಣ್ಣ ಬಳಿದು ಮಾರುವವರು ಬೇಕಾದಷ್ಟಿದ್ದಾರೆ. ಸರ್ಕಾರದ ಕಾಗದವೂ ಎಂಜಿನ್ ಬಗ್ಗೆ ಭರವಸೆ ಕೊಡುವುದಿಲ್ಲ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ರಿಜಿಸ್ಟ್ರೇಶನ್ ಸಮೇತ ಮಾರಲು 30 ದಿನದೊಳಗೆ ಪಡೆದ, ಗಾಡಿ ರಸ್ತೆಗೆ ಯೋಗ್ಯ ಅನ್ನುವ ರೋಡ್‌ವರ್ದಿ ಸರ್ಟಿಫಿಕೇಟ್ ಬೇಕು. ಅದರಲ್ಲಿ ನೋಡುವುದು ಬ್ರೇಕ್, ಸ್ಟಿಯರಿಂಗ್, ಟೈರ್, ಲೈಟು, ಸೀಟ್ ಬೆಲ್ಟ್, ತುಕ್ಕು ಇಂಥವನ್ನು. ಎಂಜಿನ್ ಇನ್ನೆಷ್ಟು ದಿನ ಬಾಳುತ್ತದೆ ಅಂತ ಅದು ಹೇಳಲ್ಲ. ಗಾಡಿ ಮೇಲೆ ಸಾಲ ಇದೆಯಾ ಅಂತ ಎರಡು ಡಾಲರ್ ಕೊಟ್ಟು ನೋಡಿಕೊಳ್ಳಬಹುದು, ಅಷ್ಟೇ. ಉಳಿದದ್ದಕ್ಕೆಲ್ಲ ಮಾಲೀಕ ಕೂಡಿಟ್ಟ ಬಿಲ್ಲುಗಳೇ ಸಾಕ್ಷಿ. ಹಾಗಾಗಿ ಎಲ್ಲರೂ ಕೂಡಿಡುತ್ತಾರೆ.

ಈಗ ಭಾವನ ಜೀಪು. ಮಹೀಂದ್ರ ಎಂಎಂ 540, ಅದೇ ಹಳೇ ಪ್ಯೂಜೊ ಡೀಸೆಲ್ ಎಂಜಿನ್. ಹಾಸನದಲ್ಲಿ ಫುಲ್ ಎಂಜಿನ್ ಕೆಲಸ ಮಾಡಿಸಿದ್ದಾರೆ. ಬೋರ್, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಯಾವುದನ್ನೂ ಬಿಟ್ಟಿಲ್ಲ. "ಅದನ್ನೇ ಹಾಕಿ ಭಾವ, ನಿಮ್ಮ ಗಾಡಿಯಲ್ಲಿ ಬೆಲೆಬಾಳೋದೇ ಅದು" ಅಂದೆ. "ನಿಂಗೇನ್ ತಲೆ ಕೆಟ್ಟಿದೆಯಾ ಮಾರಾಯ, ಎಂಜಿನ್ ಇಳಿಸಿದ್ದು ಅಂತ ಗೊತ್ತಾದ್ರೆ ಇಪ್ಪತ್ತು ಸಾವಿರ ಕಡಿಮೆ ಕೇಳ್ತಾರೆ" ಅಂದರು. ಅವರ ಲೆಕ್ಕ ತಪ್ಪಲ್ಲ. ನಮ್ಮಲ್ಲಿ ಎಂಜಿನ್ ಇಳಿಸಿದ್ದಾರೆ ಅಂದರೆ ಏನೋ ದೊಡ್ಡ ಎಡವಟ್ಟಾಗಿತ್ತು ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಯಾರು ಮಾಡಿದ್ದು, ಒರಿಜಿನಲ್ ಪಾರ್ಟ್ಸ್ ಹಾಕಿದ್ದಾ ಲೋಕಲ್ಲಾ ಅಂತ ತೋರಿಸಲು ಕೈಯಲ್ಲಿ ಏನೂ ಇರಲ್ಲ. ಲೇತ್‌ನವರು ಚೀಟಿಯಲ್ಲಿ ಮೊತ್ತ ಗೀಚಿ ಕೊಡುತ್ತಾರೆ. ಬಿಲ್ ಕೇಳಿದರೆ ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಆಗತ್ತೆ, ಬೇಕಾ ಅನ್ನುತ್ತಾರೆ. ಬೇಡ ಅಂತ ನಾವೂ ಬಂದುಬಿಡುತ್ತೇವೆ.

ಆದರೆ ಯೋಚನೆ ಮಾಡಿ. ಮೂವತ್ತು ವರ್ಷ ತೋಟದ ಏರಿನಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಗಳನ್ನು ಹೊತ್ತ ಜೀಪಿನ ಎಂಜಿನ್‌ಗೆ ಯಾರೂ ಕೈ ಹಾಕಿಲ್ಲ ಅಂದರೆ ಒಂದೋ ಅದು ಸುಳ್ಳು, ಇಲ್ಲಾ ಆ ಖರ್ಚು ತಗೊಳ್ಳುವವನ ತಲೆಗೆ ಕಟ್ಟಿದ್ದು. ಎರಡೂ ಹೇಗೆ ಹೆಗ್ಗಳಿಕೆ ಆಗುತ್ತದೋ ನನಗೆ ಗೊತ್ತಿಲ್ಲ.

ನಮ್ಮ ಕಡೆಯ ಒಂದು ವಿದ್ಯೆ ಮಾತ್ರ ಇಲ್ಲಿ ನನಗೆ ಕಾಣಿಸಿಲ್ಲ. ಜೀಪು ನೋಡಲು ಬರುವವರು ತಮ್ಮ ಮೆಕ್ಯಾನಿಕ್‌ನ ಕರೆದುಕೊಂಡೇ ಬರುತ್ತಾರೆ. ಆತ ಬಾನೆಟ್ ಎತ್ತಿದ ಕೂಡಲೇ ಹೆಡ್ ಬೋಲ್ಟ್ ಮೇಲೆ ಸ್ಪ್ಯಾನರ್ ಗುರುತು ಹೊಸದಾ, ಹಳೇದಾ ನೋಡುತ್ತಾನೆ. ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ (ಸಂಪು) ಅಂಚಿನಲ್ಲಿ ಗ್ಯಾಸ್ಕೆಟ್ ಪೇಸ್ಟ್ ಉಬ್ಬಿದೆಯಾ ಅಂತ ಉಗುರಲ್ಲಿ ಕೆರೆಯುತ್ತಾನೆ. ಗಾಡಿ ಸ್ಟಾರ್ಟ್ ಇರುವಾಗಲೇ ಆಯಿಲ್ ಕ್ಯಾಪ್ ತೆಗೆದು ಅಲ್ಲೇ ಬಾಯಿ ಮೇಲೆ ಮಗುಚಿ ಇಡುತ್ತಾನೆ. ಕ್ಯಾಪ್ ಕುಣಿದು ಕೆಳಗೆ ಬಿದ್ದರೆ "ಬ್ಯಾಕ್ ಕಂಪ್ರೆಶನ್ ಇದೆ" ಅಂತ, ಅಂದರೆ ಸವೆದ ಪಿಸ್ಟನ್ ಪಕ್ಕದಿಂದ ಗಾಳಿ ಕೆಳಗೆ ನುಸುಳುತ್ತಿದೆ ಅಂತ, ಮುಖ ಸಿಂಡರಿಸುತ್ತಾನೆ. ಆಕ್ಸಿಲರೇಟರ್ ಒತ್ತಿಸಿ ಹೊಗೆಯ ಬಣ್ಣ ನೋಡುತ್ತಾನೆ. ಹತ್ತು ನಿಮಿಷ ಸಾಕು. ಅಂಥವನ ಮುಂದೆ ಕೈ ಹಾಕಿಲ್ಲ ಅನ್ನುವ ಮಾತು ಎಷ್ಟು ಹೊತ್ತು ನಿಲ್ಲುತ್ತದೆ? ಗೊತ್ತಾಗುವುದಂತೂ ಗೊತ್ತಾಗುತ್ತದೆ, ಆಮೇಲೆ ನಿಜ ಹೇಳಿದರೂ ನಂಬುವವರಿಲ್ಲ.

ಖರ್ಚಿನಲ್ಲೂ ನಮ್ಮ ಊರೇ ವಾಸಿ. ಇಲ್ಲಿನ ಕೂಲಿಗೆ ಹೆದರಿ ಎಷ್ಟೋ ಜನ ಎಂಜಿನ್ ಬಿಚ್ಚುವುದೇ ಇಲ್ಲ, ಗುಜರಿಗೆ ಹೋದ ಗಾಡಿಯಿಂದ ಒಂದು ತಂದು ಕೂರಿಸುತ್ತಾರೆ. ಹಾಕಿದ ದುಡ್ಡು ಮಾರುವಾಗ ಪೂರ್ತಿ ವಾಪಸ್ ಬರುತ್ತದೆ ಅಂತ ಯಾರೂ ನಂಬಿಕೊಳ್ಳಬೇಡಿ, ನನಗೆ ಅರ್ಧ ಬಂದಿದ್ದೇ ಹೆಚ್ಚು.

ಎಂಜಿನ್ನನ್ನೇ ಬದಲಾಯಿಸಿದ ಜೀಪುಗಳದ್ದು ಬೇರೆಯದೇ ಕಥೆ. ಆರ್‌ಸಿಯಲ್ಲಿ ಒಂದು ನಂಬರು, ಬ್ಲಾಕಿನ ಮೇಲೆ ಇನ್ನೊಂದು. ಆರ್‌ಟಿಒ ಅನುಮತಿ ಇಲ್ಲದೆ ಹಾಗೆ ಮಾಡುವಂತಿಲ್ಲ, ಆದರೂ ಮಾಡಿಸಿ ಮಾರುತ್ತಾರೆ, ತಗೊಂಡವನು ಆರ್‌ಸಿ ನವೀಕರಣದ ಹೊತ್ತಿಗೆ ಒದ್ದಾಡುತ್ತಾನೆ.

ಎರಡೂ ಕಡೆಯ ಈ ವ್ಯತ್ಯಾಸಕ್ಕೆ ಕಾನೂನೂ ಸ್ವಲ್ಪ ಕಾರಣ ಅನ್ನಿಸುತ್ತದೆ. ವಿಕ್ಟೋರಿಯಾದಲ್ಲಿ ಗಾಡಿಗೆ 25 ವರ್ಷ ದಾಟಿದರೆ, ಹಳೇ ಗಾಡಿಗಳ ಕ್ಲಬ್ಬಿನ ಸದಸ್ಯರಿಗೆ ಸಿಗುವ ಕ್ಲಬ್ ಪರ್ಮಿಟ್ ತಗೊಂಡು ವರ್ಷಕ್ಕೆ 45 ಅಥವಾ 90 ದಿನ ಕಡಿಮೆ ಖರ್ಚಲ್ಲಿ ಓಡಿಸಬಹುದು. ಹಳೇದನ್ನು ಚೆನ್ನಾಗಿಟ್ಟುಕೊಂಡವನಿಗೆ ಒಂದು ಪ್ರಯೋಜನ ಇದೆ. ನಮ್ಮಲ್ಲಿ 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ಆಗಬೇಕು. ಭಾವನ ಜೀಪು ಅಷ್ಟು ಮುದಿಯೂ ಅಲ್ಲ, ಹೊಸದೂ ಅಲ್ಲ. 15 ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ, ಗ್ರೀನ್ ಟ್ಯಾಕ್ಸು. ಹೇಗಿಟ್ಟುಕೊಂಡರೂ ಅಷ್ಟೇ ಅಂದಮೇಲೆ ಬಿಲ್ ಜೋಪಾನ ಮಾಡುವ ಉಸಾಬರಿ ಯಾರಿಗೆ ಬೇಕು ಅಲ್ವಾ?

ಆದರೂ ನಾನು ಬಿಡಲಿಲ್ಲ. ಭಾವನಿಗೆ ಹೇಳಿ ಹೇಳಿ, ಲೇತ್‌ನವರ ಹತ್ತಿರ ಕೆಲಸದ ವಿವರ ಬರೆಸಿಕೊಂಡು ಬಿಲ್ ತರಿಸಿದೆ. ಜಿಎಸ್‌ಟಿ ಕಟ್ಟುವಾಗ ನನಗೆ ಬೈದರಂತೆ, ಅಕ್ಕ ಹೇಳಿದಳು. ಜಾಹೀರಾತಿಗೆ ಮಾತ್ರ ಇನ್ನೂ ಹಾಕಿಲ್ಲ. ಕೇಳಿದವರಿಗೆ ತೋರಿಸುತ್ತೇನೆ, ಕೇಳದವರಿಗೆ ಯಾಕೆ ಅಂತ ಅವರ ವಾದ. ಫೆಬ್ರವರಿ ಹೊತ್ತಿಗೆ ಜನರ ಕೈಗೆ ಕಾಫಿ ದುಡ್ಡು ಬರುತ್ತದೆ, ಅಲ್ಲಿತನಕ ರೇಟ್ ಇಳಿಸುವ ಮಾತೇ ಇಲ್ಲ ಅಂದಿದ್ದಾರೆ.